ಭಾರದ ಟ್ರೈಲರಿಗೆ ಹಳೆಯ ಟ್ರ್ಯಾಕ್ಟರು: ಎಳೆಯುವ ಶಕ್ತಿಯ ಜೊತೆಗೆ ಹಿಡಿಯುವ ಶಕ್ತಿಯನ್ನೂ ನೋಡಿ

ಹಳೆಯ ಟ್ರ್ಯಾಕ್ಟರು ಕೊಳ್ಳಲು ಹೊರಟ ರೈತರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಟನ್ ಎಳೆಯುತ್ತದೆ?" ಎಂಬುದು. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೂ ಮೊದಲು, "ಇಳಿಜಾರಿನಲ್ಲಿ ಇದು ಎಷ್ಟು ಟನ್ ಹಿಡಿದು ನಿಲ್ಲಿಸುತ್ತದೆ?" ಎಂದು ಕೇಳಬೇಕು.

ಈ ಮಾತನ್ನು ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನವರು ಕಬ್ಬು ಸಾಗಿಸಲೆಂದು ಒಂದು ಹಳೆಯ ಟ್ರ್ಯಾಕ್ಟರು ಕೊಂಡರು. ಅದನ್ನು ನೋಡಿ "ಆಗಬಹುದು" ಎಂದವರಲ್ಲಿ ನಾನೂ ಒಬ್ಬ. ಎಂಜಿನ್ನಿನ ಸದ್ದು ಕೇಳಿದೆವು, ಹೊಗೆ ನೋಡಿದೆವು, ಟೈರು ನೋಡಿದೆವು. ಬ್ರೇಕನ್ನು ಖಾಲಿ ಟ್ರ್ಯಾಕ್ಟರಿನಲ್ಲಿ ಒಮ್ಮೆ ತುಳಿದು ಬಿಟ್ಟೆವು. ಮಳೆ ಬಿದ್ದ ಮಾರನೆಯ ದಿನ ನಾಲೆಯ ಏರಿಯಿಂದ ಇಳಿಯುವಾಗ, ತುಂಬಿದ ಟ್ರೈಲರು ಟ್ರ್ಯಾಕ್ಟರನ್ನೇ ಹಿಂದಿನಿಂದ ತಳ್ಳಿ ಅಡ್ಡ ತಿರುಗಿಸಿತು. ಚಾಲಕ ಹುಡುಗನ ಜೀವ ಉಳಿಯಿತು, ಕಾಲು ಮುರಿಯಿತು. ಎಂಜಿನ್ನು ಅಂದೂ ಚೆನ್ನಾಗಿಯೇ ಇತ್ತು.

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಟ್ರೈಲರಿನ ಭಾರ ಮಣ್ಣಿನ ಮೇಲೂ ಕೂಳೆ ಬೆಳೆಯ ಮೇಲೂ ಬೀಳುವುದರಿಂದ ಈ ವಿಷಯ ನನ್ನ ಕ್ಷೇತ್ರಕ್ಕೂ ಸೇರಿದ್ದೇ. ನಾಲ್ಕು ಚಕ್ರ ಚಾಲನೆಯ (ಫೋರ್ ವೀಲ್ ಡ್ರೈವ್) ಹಳೆಯ ಟ್ರ್ಯಾಕ್ಟರು ಕೊಳ್ಳುವ ಮುನ್ನ ತಿಳಿಯಬೇಕಾದ ಅಂಶಗಳನ್ನು ಇಲ್ಲಿ ಕೊಟ್ಟಿದೆ.

ನಾಲ್ಕು ಚಕ್ರ ಚಾಲನೆ ನಿಮಗೆ ಬೇಕೇ?

ಸಾಧಾರಣ ಟ್ರ್ಯಾಕ್ಟರಿನಲ್ಲಿ ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುತ್ತವೆ. ಮುಂದಿನ ಚಕ್ರಗಳ ಮೇಲೆ ಬೀಳುವ ತೂಕ ಎಳೆತಕ್ಕೆ ಒದಗುವುದಿಲ್ಲ. ನಾಲ್ಕು ಚಕ್ರ ಚಾಲನೆಯಲ್ಲಿ ಟ್ರ್ಯಾಕ್ಟರಿನ ಇಡೀ ತೂಕ ಹಿಡಿತಕ್ಕೆ ಒದಗುತ್ತದೆ. ಒಣ ನೆಲ, ಸಮತಟ್ಟಾದ ದಾರಿ ಇರುವ ಕಡೆ ಈ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಒಳ್ಳೆಯ ಟೈರು, ಟೈರಿನಲ್ಲಿ ಮುಕ್ಕಾಲು ಭಾಗ ನೀರು ಮತ್ತು ಮುಂದೆ ತೂಕದ ಕಲ್ಲು ಇದ್ದರೆ ಸಾಕು. ಹಸಿ ಗದ್ದೆ, ಎರೆ ಮಣ್ಣು, ಏರುತಗ್ಗಿನ ದಾರಿ ಇದ್ದಲ್ಲಿ ಅದು ಬೇಕು.

ಸಂಶಯವಿದ್ದರೆ ಬಾಡಿಗೆಗೆ ಬರುವ ಟ್ರ್ಯಾಕ್ಟರಿನಿಂದಲೇ ನಿಮ್ಮ ಹೊಲದಲ್ಲಿ ಜಾರುವಿಕೆಯನ್ನು ಅಳೆಯಿರಿ. ಹಿಂದಿನ ಟೈರಿನ ಮೇಲೆ ಸುಣ್ಣದಿಂದ ಗುರುತು ಮಾಡಿ. ಖಾಲಿ ಟ್ರ್ಯಾಕ್ಟರು ಓಡಿಸಿ, ಚಕ್ರ 10 ಸುತ್ತು ತಿರುಗುವಾಗ ಸಾಗಿದ ದೂರವನ್ನು ಅಳೆಯಿರಿ. ತುಂಬಿದ ಟ್ರೈಲರು ಕಟ್ಟಿ ಅದೇ ನೆಲದಲ್ಲಿ, ಅದೇ ಗೇರಿನಲ್ಲಿ ಮತ್ತೆ ಅಳೆಯಿರಿ. ಮೊದಲು 40 ಮೀಟರು, ಆಮೇಲೆ 32 ಮೀಟರು ಬಂದರೆ 8 ಮೀಟರು ಜಾರುವಿಕೆಯಲ್ಲಿ ಹೋಯಿತು, ಅಂದರೆ ಶೇಕಡಾ 20. ಇದು ಶೇಕಡಾ 15ನ್ನು ಮೀರಿದರೆ ಡೀಸೆಲ್ಲು, ಟೈರು, ಮಣ್ಣು ಮೂರೂ ಹಾಳು. ಅಂಥ ಕಡೆ ನಾಲ್ಕು ಚಕ್ರ ಚಾಲನೆಗೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ.

ಇಳಿಜಾರಿನ ಲೆಕ್ಕ

10 ಅಡಿ ಸಾಗಿದರೆ 1 ಅಡಿ ಇಳಿಯುವ ಹಸಿ ಗರಸಿನ ದಾರಿ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರಿನ ತೂಕ 2.5 ಟನ್, ಕಬ್ಬು ಸೇರಿ ಟ್ರೈಲರಿನ ತೂಕ 8 ಟನ್, ಒಟ್ಟು 10.5 ಟನ್. ಈ ತೂಕದ ಹತ್ತನೆಯ ಒಂದು ಭಾಗ, ಅಂದರೆ 1.05 ಟನ್, ಗಾಡಿಯನ್ನು ಕೆಳಕ್ಕೆ ತಳ್ಳುತ್ತದೆ. ಚಕ್ರಗಳು ಮಣ್ಣಿನಲ್ಲಿ ಉರುಳುವಾಗ ಆಗುವ ತಡೆ ತೂಕದ ಶೇಕಡಾ 4 ಎಂದು ಹಿಡಿದರೆ 0.42 ಟನ್ ಕಳೆಯುತ್ತದೆ. ಉಳಿದ 0.63 ಟನ್ನನ್ನು ಬ್ರೇಕು ಹಿಡಿಯಬೇಕು.

ಹಿಂದಿನ ಚಕ್ರಗಳ ಮೇಲಿರುವ ತೂಕ ಸುಮಾರು 1.5 ಟನ್. ಹಸಿ ಗರಸಿನಲ್ಲಿ ಟೈರಿನ ಹಿಡಿತ ತೂಕದ ಶೇಕಡಾ 40 ಎಂದರೆ ಅವು ಹಿಡಿಯುವುದು 0.6 ಟನ್ ಮಾತ್ರ. ಇಳಿಯುವಾಗ ತೂಕ ಮುಂದಕ್ಕೆ ವಾಲುವುದರಿಂದ ಅದೂ ಪೂರ್ತಿ ಸಿಗುವುದಿಲ್ಲ. ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಚಕ್ರ ಜಾರುತ್ತದೆ. ನಮ್ಮ ಚಿಕ್ಕಪ್ಪನವರ ಟ್ರ್ಯಾಕ್ಟರಿಗೆ ಆದದ್ದು ಇದೇ.

ನಾಲ್ಕು ಚಕ್ರ ಚಾಲನೆಯನ್ನು ಜೋಡಿಸಿದಾಗ ಹಿಂದಿನ ಬ್ರೇಕಿನ ಹಿಡಿತ ಚಾಲನೆಯ ಶಾಫ್ಟಿನ ಮೂಲಕ ಮುಂದಿನ ಚಕ್ರಗಳಿಗೂ ತಲುಪುತ್ತದೆ. ಆಗ 2.5 ಟನ್ನಿನ ಶೇಕಡಾ 40, ಅಂದರೆ 1 ಟನ್ ಹಿಡಿಯಬಹುದು. ಒಂದು ಟ್ರೈಲರು ನಿಲ್ಲುತ್ತದೆ. ಆದರೆ ಅಂಥವೇ ಎರಡು ಟ್ರೈಲರು ಕಟ್ಟಿದರೆ ಒಟ್ಟು ತೂಕ 18.5 ಟನ್ ಆಗಿ, ಹಿಡಿಯಬೇಕಾದ ಬಲ 1.11 ಟನ್ ಆಗುತ್ತದೆ. ನಾಲ್ಕು ಚಕ್ರ ಚಾಲನೆಯೂ ಸಾಲದು. ಸಮತಟ್ಟಿನಲ್ಲಿ ಎರಡನ್ನೂ ಎಳೆದ ಅದೇ ಟ್ರ್ಯಾಕ್ಟರು ಇಳಿಜಾರಿನಲ್ಲಿ ಕೈಬಿಡುತ್ತದೆ.

ಇದಕ್ಕೆ ಉಪಾಯ ಟ್ರೈಲರಿನಲ್ಲೇ ಇದೆ. 8 ಟನ್ ಟ್ರೈಲರಿನ ಎಲ್ಲ ಚಕ್ರಗಳಿಗೂ ಬ್ರೇಕಿದ್ದರೆ, ಅದೇ ನೆಲದಲ್ಲಿ ಅವು 3.2 ಟನ್‌ವರೆಗೆ ಹಿಡಿಯಬಲ್ಲವು. ಭಾರ ಇರುವ ಕಡೆಯೇ ಬ್ರೇಕು ಇರಬೇಕೆಂಬುದು ಇದರ ಅರ್ಥ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ, ಮೊದಲು ಟ್ರೈಲರಿಗೆ ಬ್ರೇಕು ಹಾಕಿಸಿ.

ಜೀಪು ಸಾಕಾಗುವುದೇ?

ಮಲೆನಾಡಿನ ಬೆಳೆಗಾರರು ಹಳೆಯ ನಾಲ್ಕು ಚಕ್ರ ಚಾಲನೆಯ ಜೀಪಿಗೆ ಟ್ರೈಲರು ಕಟ್ಟುವ ಬಗ್ಗೆ ಕೇಳುವುದುಂಟು. ಜೀಪಿನ ತೂಕ 1.5 ಟನ್ ಎಂದರೆ, ಮೇಲಿನ ಲೆಕ್ಕದಲ್ಲಿ ಅದರ ಹಿಡಿತ 0.6 ಟನ್. ತೋಟದ ದಾರಿ 5 ಅಡಿಗೆ 1 ಅಡಿ ಇಳಿಯುವುದಾದರೆ ಜೀಪೂ ಸೇರಿ 3.75 ಟನ್‌ಗೇ ಆ ಹಿಡಿತ ಮುಗಿಯುತ್ತದೆ. ಅಂದರೆ ಬ್ರೇಕಿಲ್ಲದ 2.25 ಟನ್ ಟ್ರೈಲರಿಗೆ ಅದು ಜಾರುವ ಅಂಚಿಗೆ ಬಂದಂತೆ. ಜೀಪು ಟ್ರ್ಯಾಕ್ಟರಿಗಿಂತ ವೇಗವಾಗಿ ಓಡುವುದರಿಂದ ಅಪಾಯ ಇನ್ನೂ ಹೆಚ್ಚು. ಗೊಬ್ಬರದ ನಾಲ್ಕು ಚೀಲ, ಕಾಫಿ ಮೂಟೆಗಳಿರುವ ಸಣ್ಣ ಟ್ರೈಲರಿಗೆ ಜೀಪು ಆಗಬಹುದು. ಮರ, ಕಲ್ಲು, ಮಣ್ಣಿಗೆ ಬೇಡ. ಕಂಪನಿಯ ಕೈಪಿಡಿಯಲ್ಲಿ ಕೊಟ್ಟ ಮಿತಿಯನ್ನು ಮೀರಬೇಡಿ.

ಟ್ರ್ಯಾಕ್ಟರಿನ ಆಯ್ಕೆ

ಅಶ್ವಶಕ್ತಿಯೊಂದನ್ನೇ ನೋಡದೆ ತೂಕವನ್ನೂ ನೋಡಿ. ಎರಡು ಟ್ರ್ಯಾಕ್ಟರುಗಳ ಅಶ್ವಶಕ್ತಿ ಒಂದೇ ಆಗಿದ್ದರೆ ಟ್ರೈಲರಿಗೆ ಭಾರವಾದದ್ದೇ ಮೇಲು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ನೀವು ನೋಡುತ್ತಿರುವ ಮಾದರಿಯ ವರದಿ ಸಿಕ್ಕರೆ ತೂಕ, ಎಳೆಯುವ ಬಲ ಮತ್ತು ಬ್ರೇಕಿನ ಪರೀಕ್ಷೆಯ ಭಾಗಗಳನ್ನು ಓದಿಸಿಕೊಳ್ಳಿ.

2023ರ ಜನವರಿಯಿಂದ 50 ಅಶ್ವಶಕ್ತಿಗೂ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿದೆ. ಅದಕ್ಕೂ ಹಿಂದಿನ, ಸಾದಾ ಡೀಸೆಲ್ ಪಂಪಿನ ಎಂಜಿನ್ನನ್ನು ತಾಲ್ಲೂಕಿನ ಮೆಕ್ಯಾನಿಕ್ಕೇ ರಿಪೇರಿ ಮಾಡಬಲ್ಲ. ಮುಂದಿನ ಆಕ್ಸಲಿನ ಬೇರಿಂಗು, ಸೀಲು, ಗೇರುಗಳು ಹತ್ತಿರದ ಪಟ್ಟಣದಲ್ಲಿ ಸಿಗುತ್ತವೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ. ಕಟಾವಿನ ಸರದಿ ಬಂದ ದಿನ ಬಿಡಿಭಾಗಕ್ಕೆ ಕಾಯುವಂತಾದರೆ, ಕಡಿಮೆ ಬೆಲೆಯ ಲಾಭ ಅಲ್ಲೇ ಮುಗಿಯಿತು.

ಪರೀಕ್ಷಿಸುವ ಕ್ರಮ

1. ಬೆಳಿಗ್ಗೆ ಹೋಗಿ. ಎಂಜಿನ್ನು ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದು ತಿಳಿಯಿರಿ. ರೇಡಿಯೇಟರಿನ ನೀರಿನಲ್ಲಿ ಎಣ್ಣೆ ತೇಲಬಾರದು. ಗೇರು ಪೆಟ್ಟಿಗೆಯ ಆಯಿಲ್ ಹಾಲಿನಂತಿರಬಾರದು.

2. ಗಂಟೆಯ ಮೀಟರನ್ನೇ ನಂಬಬೇಡಿ. ವೆಚ್ಚದ ಲೆಕ್ಕದಲ್ಲಿ ಟ್ರ್ಯಾಕ್ಟರಿಗೆ ವರ್ಷಕ್ಕೆ 1000 ಗಂಟೆಯಂತೆ 10 ವರ್ಷ ಆಯುಸ್ಸು ಹಿಡಿಯುವುದು ರೂಢಿ. 8 ವರ್ಷದ ಟ್ರ್ಯಾಕ್ಟರು 2000 ಗಂಟೆ ತೋರಿಸಿದರೆ ಕ್ಲಚ್ಚಿನ ಪೆಡಲು, ಆಸನ, ಕೊಕ್ಕೆಯ ತೂತುಗಳ ಸವೆತ ನೋಡಿ. ಅವು ಸುಳ್ಳು ಹೇಳುವುದಿಲ್ಲ.

3. ಕೊಕ್ಕೆಯ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಡ್ರಾಬಾರಿನ ಸುತ್ತ ವೆಲ್ಡಿಂಗ್ ಮಾಡಿದ್ದರೆ, ಆ ಟ್ರ್ಯಾಕ್ಟರು ಮಿತಿಮೀರಿ ಭಾರ ಎಳೆದಿದೆ ಎಂದು ತಿಳಿಯಿರಿ.

4. ಮುಂದಿನ ಆಕ್ಸಲನ್ನು ಪರೀಕ್ಷಿಸಲು ಎಂಜಿನ್ ನಿಲ್ಲಿಸಿ, ಗೇರಿನಲ್ಲಿಡಿ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಒಂದು ಮುಂದಿನ ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಆಕ್ಸಲಿನ ಕೆಳಗೆ ಗಟ್ಟಿ ದಿಮ್ಮಿ ಇಡಿ. ನಾಲ್ಕು ಚಕ್ರ ಚಾಲನೆಯ ಲಿವರು ಬಿಡಿಸಿದಾಗ ಎತ್ತಿದ ಚಕ್ರ ಕೈಯಿಂದ ತಿರುಗಬೇಕು; ಜೋಡಿಸಿದಾಗ ಸ್ವಲ್ಪ ಆಡಿ ನಿಂತುಬಿಡಬೇಕು. ನಿಲ್ಲದಿದ್ದರೆ ಚಾಲನೆ ಸೇರುತ್ತಿಲ್ಲ. ಬಹಳ ಆಡಿ ನಿಂತರೆ ಗೇರು, ಜಾಯಿಂಟು ಸವೆದಿವೆ. ಚಕ್ರದ ಒಳಬದಿಯಲ್ಲಿ ಆಯಿಲ್ ಸೋರಿಕೆಯನ್ನೂ ನೋಡಿ.

5. ಟೈರಿನ ಅಳತೆ ಓದಿ. ಮುಂದೆ 8-18, ಹಿಂದೆ 13.6-28 ಎಂಬಂತೆ ಬರೆದಿರುತ್ತದೆ. ಇದು ಕೈಪಿಡಿಯ ಅಳತೆಗೆ ಹೊಂದಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗಕ್ಕೆ ನಿಗದಿಯಾದ ಪ್ರಮಾಣವಿದೆ. ಬೇರೆ ಅಳತೆಯ ಟೈರು ಹಾಕಿದ್ದರೆ ಚಾಲನೆಯ ಗೇರುಗಳು ಬೇಗ ಹಾಳಾಗುತ್ತವೆ.

6. ಬ್ರೇಕಿನ ಎರಡೂ ಪೆಡಲುಗಳನ್ನು ಸೇರಿಸುವ ಕೊಂಡಿ ಇರಬೇಕು. ಸಮತಟ್ಟಾದ ದಾರಿಯಲ್ಲಿ ಮೊದಲು ಖಾಲಿಯಾಗಿ, ಆಮೇಲೆ ತುಂಬಿದ ಟ್ರೈಲರು ಕಟ್ಟಿ ನಿಧಾನವಾಗಿ ಓಡಿಸಿ ಬ್ರೇಕು ಹಿಡಿಯಿರಿ. ಒಂದು ಪಕ್ಕಕ್ಕೆ ಎಳೆದರೆ ಸರಿಪಡಿಸದೆ ಕೊಳ್ಳಬೇಡಿ.

7. ಭಾರದೊಡನೆ ಒಂದು ಗಂಟೆ ಓಡಿಸಿ ಎಂಜಿನ್ನಿನ ಬಿಸಿಯನ್ನು ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಟೈರು, ಕ್ಲಚ್ಚು, ಬ್ಯಾಟರಿ, ಬ್ರೇಕುಗಳ ರಿಪೇರಿ ಖರ್ಚನ್ನು ಕೇಳಿದ ಬೆಲೆಗೆ ಕೂಡಿಸಿಯೇ ಇನ್ನೊಂದು ಟ್ರ್ಯಾಕ್ಟರಿನ ಬೆಲೆಯೊಡನೆ ಹೋಲಿಸಿ.

ಕಾಗದಪತ್ರ

ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಟ್ರ್ಯಾಕ್ಟರಿನ ಮೇಲಿನವುಗಳೊಡನೆ ನೀವೇ ತಾಳೆ ನೋಡಿ. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಇರಬೇಕು. ಬ್ಯಾಂಕಿನ ಸಾಲ ನಮೂದಾಗಿದ್ದರೆ ತೀರುವಳಿ ಪತ್ರ ಮತ್ತು ನಮೂನೆ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಬೇರೆ ರಾಜ್ಯದ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಬಾಡಿಗೆಗೆ ಸಾಗಿಸುವ ಯೋಚನೆಯಿದ್ದರೆ ವಿಮೆಯವರಿಗೆ ಮೊದಲೇ ತಿಳಿಸಿ ಬರವಣಿಗೆಯಲ್ಲಿ ಪಡೆಯಿರಿ.

ಕೊಂಡ ಮೇಲೆ

ಟ್ರೈಲರನ್ನು ಹಿಂದಿನ ಆಕ್ಸಲಿಗಿಂತ ಕೆಳಗಿರುವ ಕೊಕ್ಕೆಗೇ ಕಟ್ಟಿ. ಮೇಲಿನ ಕೊಂಡಿಗೆ ಕಟ್ಟಿದರೆ ಮೂತಿ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚಬಹುದು. ಪಿನ್ನಿಗೆ ಬೀಗದ ಕಡ್ಡಿ ಹಾಕಿ, ಜೊತೆಗೆ ಸರಪಣಿ ಬಿಗಿಯಿರಿ.

ಒಣಗಿದ ಡಾಂಬರು ರಸ್ತೆಯ ಸಮತಟ್ಟಿನಲ್ಲಿ ನಾಲ್ಕು ಚಕ್ರ ಚಾಲನೆಯನ್ನು ಬಿಡಿಸಿ. ಇಲ್ಲದಿದ್ದರೆ ಮುಂದಿನ ಟೈರು ಬೇಗ ಸವೆಯುತ್ತದೆ. ಇಳಿಜಾರು ಶುರುವಾಗುವ ಮುನ್ನ ಗಾಡಿ ನಿಲ್ಲಿಸಿ ಅದನ್ನು ಜೋಡಿಸಿ, ಆ ದಾರಿ ಹತ್ತಲು ಬೇಕಾಗುವ ಕೆಳಗಿನ ಗೇರಿನಲ್ಲೇ ಇಳಿಯಿರಿ. ಕ್ಲಚ್ಚು ತುಳಿಯಬೇಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವುದಂತೂ ಪ್ರಾಣದೊಡನೆ ಜೂಜು.

ನಾಲ್ಕು ಚಕ್ರ ಎಳೆಯುತ್ತದೆಂದು ಹಸಿ ಗದ್ದೆಗೆ ಇಳಿಯಬೇಡಿ. ಚಾಲನೆಯಿಂದ ಜಾರುವಿಕೆ ಕಡಿಮೆಯಾದರೂ ಟ್ರೈಲರಿನ ಭಾರ ಕಡಿಮೆಯಾಗುವುದಿಲ್ಲ. ಒಂದು ಗೇಣು ಆಳದ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದರೂ ಪುಡಿಯಾಗದಿದ್ದರೆ ಒಂದೆರಡು ದಿನ ತಡೆಯಿರಿ. ತಡೆಯಲಾಗದಿದ್ದರೆ ಗದ್ದೆಯೊಳಗೆ ಅರ್ಧ ಹೇರಿ, ಉಳಿದದ್ದನ್ನು ದಾರಿಯ ಬದಿಯಲ್ಲಿ ಹೇರಿ. ಹೋದ ಜಾಡಿನಲ್ಲೇ ಹಿಂತಿರುಗಿ ಬನ್ನಿ. ಚಕ್ರಕ್ಕೆ ಸಿಕ್ಕಿ ಜಜ್ಜಿದ ಬುಡದಿಂದ ಕೂಳೆ ಚಿಗುರು ನಿರೀಕ್ಷಿಸುವಂತಿಲ್ಲ.

ಹಳೆಯ ಟ್ರ್ಯಾಕ್ಟರು ಕೊಳ್ಳುವುದು ತಪ್ಪಲ್ಲ. ಸಣ್ಣ ಹಿಡುವಳಿದಾರರಿಗೆ ಹಲವು ವೇಳೆ ಅದೇ ಸರಿಯಾದ ದಾರಿ. ಟ್ರೈಲರಿಗೆ ಬ್ರೇಕು, ಟ್ರ್ಯಾಕ್ಟರಿಗೆ ತೂಕ, ಮುಂದಿನ ಆಕ್ಸಲಿಗೆ ಬಿಡಿಭಾಗ, ಕೈಯಲ್ಲಿ ಸರಿಯಾದ ಕಾಗದ ಎಂಬ ನಾಲ್ಕನ್ನು ಮೊದಲು ನೋಡಿ, ಬೆಲೆಯ ಮಾತನ್ನು ಆಮೇಲೆ ಆಡಿ. ಗಾಡಿ ನೋಡಲು ಹೋಗುವಾಗ ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನೂ ಅದನ್ನು ಓಡಿಸಲಿರುವ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಳಿಜಾರಿನಲ್ಲಿ ಆಸನದ ಮೇಲೆ ಕೂರುವವನು ಅವನೇ.