ಆಟಿಸಂ ಇರುವ ಮಕ್ಕಳಿಗೆ ಯಂತ್ರದ ಬೊಂಬೆಯಿಂದ ಆಗುವ ಸಹಾಯವೇನು?



ಈ ಸಂಚಿಕೆಯಲ್ಲಿ ಬೀಜ, ಗೊಬ್ಬರಗಳ ಮಾತನ್ನು ಬಿಟ್ಟು ಬೇರೆ ವಿಷಯ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ. ಹೋದ ತಿಂಗಳು ಒಂದು ಹಳ್ಳಿಯಲ್ಲಿ ರಾಗಿಯ ಸಾಲುಬಿತ್ತನೆಯ ವಿಚಾರ ಮುಗಿಸಿ ಎದ್ದಾಗ, ರೈತರೊಬ್ಬರು ನನ್ನನ್ನು ಹಿತ್ತಲಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ಸ್ವಾಮಿ, ಮಾತಾಡೋ ಯಂತ್ರದ ಬೊಂಬೆ ಬಂದೈತಂತೆ. ಅದರ ಜೊತೆ ಬಿಟ್ರೆ ಮಾತು ಬರ್ದೆ ಇರೋ ಮಗೀಗೂ ಮಾತು ಬರ್ತದಂತೆ. ಮೊಬೈಲ್ನಾಗೆ ನೋಡ್ದೆ. ಎಷ್ಟಾಗ್ತದೆ ವಿಚಾರಿಸಿ ಹೇಳ್ತೀರಾ? ಎರಡು ಹಸ ಮಾರಾನ ಅಂತಿದೀನಿ."

ಅವರ ಮಗನಿಗೆ ಐದು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಆದರೆ ಮೂರು ಮನೆ ಆಚೆ ಟ್ರ್ಯಾಕ್ಟರು ಶುರುವಾದರೆ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಾನೆ. ಹುಣಿಸೆ ಬೀಜಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸುತ್ತ ಇಡೀ ಮಧ್ಯಾಹ್ನ ಕೂರಬಲ್ಲ. ಸಾಲು ಕೆಡಿಸಿದರೆ ಅಳು ನಿಲ್ಲದು.

ನಾನು ಓದಿರುವುದು ವ್ಯವಸಾಯದ ಡಿಪ್ಲೊಮಾ. ಅಂದು ಉತ್ತರ ಹೇಳಲಾಗಲಿಲ್ಲ. ಈ ಯಂತ್ರಗಳ ವಿಷಯವಾಗಿ ಬೇರೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳನ್ನು ಆಮೇಲೆ ಓದಿ ನೋಡಿದೆ. ಇಂತಹ ಮಗು ಇರುವ ಮನೆ ಅದೊಂದೇ ಅಲ್ಲವಾದುದರಿಂದ ತಿಳಿದುದನ್ನು ಎಲ್ಲರಿಗೂ ಹೇಳುತ್ತೇನೆ. ಹಸು ಮಾರುವ ಮೊದಲು ಇದನ್ನು ಓದಿರಿ.

ಆಟಿಸಂ ಎಂದರೇನು?

ಇದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರೂ ಉಂಟು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಪರೀಕ್ಷಿಸಿ ಇದರ ಲಕ್ಷಣಗಳನ್ನು ಬರೆದಿಟ್ಟರು. ಇದು ಅಂಟುರೋಗವಲ್ಲ, ದೇವರ ಶಾಪವೂ ಅಲ್ಲ. ತಾಯಿ ಪ್ರೀತಿ ತೋರದಿದ್ದುದರಿಂದ ಹೀಗಾಗುತ್ತದೆಂದು ಹಿಂದೆ ಕೆಲವು ದೊಡ್ಡ ವೈದ್ಯರೇ ಹೇಳಿದ್ದರು. ಅದು ತಪ್ಪೆಂದು ತಿಳಿದು ಬಹಳ ಕಾಲವಾಯಿತು. ಆದರೂ ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಈ ಮಾತನ್ನು ಇಂದಿಗೂ ಕೇಳಬೇಕಾಗಿರುವುದು ದುಃಖದ ಸಂಗತಿ. ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿಯಲ್ಲಿ ಇರುವ ವ್ಯತ್ಯಾಸ ಇದು. ಕೆಲವು ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಕೆಲವರು ಒಂದು ಮಾತೂ ಆಡುವುದಿಲ್ಲ. ಎಲ್ಲರಲ್ಲಿಯೂ ಸಾಮಾನ್ಯವಾಗಿ ಕಾಣುವುದು, ಇತರರೊಡನೆ ಕೊಟ್ಟು ಕೊಳ್ಳುವ ಆಟ, ಮಾತು, ನೋಟಗಳಲ್ಲಿ ಕಷ್ಟ.

ಮನುಷ್ಯರ ಮುಖವನ್ನು ಒಮ್ಮೆ ಯೋಚಿಸಿ ನೋಡಿರಿ. ಹುಬ್ಬು ಏರುತ್ತದೆ, ಕಣ್ಣು ಹೊರಳುತ್ತದೆ, ತುಟಿ ಅಲುಗುತ್ತದೆ, ದನಿ ಏರಿಳಿಯುತ್ತದೆ. ಒಂದು ಸಲ ನಕ್ಕಂತೆ ಇನ್ನೊಂದು ಸಲ ನಗುವುದಿಲ್ಲ. ನಮಗೆ ಇದೆಲ್ಲ ತಾನಾಗಿ ಅರ್ಥವಾಗುತ್ತದೆ. ಇಂತಹ ಅನೇಕ ಮಕ್ಕಳಿಗಾದರೋ ಇದು ಸಂತೆಯ ನಡುವೆ ನಿಂತು ಹತ್ತು ಜನರ ಕೂಗನ್ನು ಒಟ್ಟಿಗೆ ಕೇಳಿದಂತೆ. ಆದುದರಿಂದಲೇ ಮಗು ಮುಖ ತಿರುಗಿಸಿಕೊಂಡು ಬೀಜದ ಸಾಲಿನ ಕಡೆ ಹೋಗುತ್ತದೆ. ಬೀಜ ಇಟ್ಟಲ್ಲೇ ಇರುತ್ತದೆ.

ಯಂತ್ರ ಮಾಡುವುದೇನು?

ಈ ಕಷ್ಟವನ್ನು ಕಂಡೇ ವಿಜ್ಞಾನಿಗಳು ಯಂತ್ರಮಾನವನ ಕಡೆ ತಿರುಗಿದರು. ಇಂಗ್ಲೆಂಡಿನಲ್ಲಿ ಕೆರ್ಸ್ಟಿನ್ ಡೌಟೆನ್‌ಹಾನ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು 1998ರಲ್ಲಿ ಈ ಕೆಲಸ ಪ್ರಾರಂಭಿಸಿದರು. 2005ರಲ್ಲಿ ಅವರು ಹರ್ಟ್‌ಫರ್ಡ್‌ಷೈರ್ ವಿಶ್ವವಿದ್ಯಾನಿಲಯದಲ್ಲಿ 'ಕ್ಯಾಸ್ಪರ್' ಎಂಬ ಬೊಂಬೆ ಮಾಡಿದರು. ಅದು ಸಣ್ಣ ಮಗುವಿನ ಗಾತ್ರದ್ದು, ಮೇಜಿನ ಮೇಲೆ ಕೂತಿರುತ್ತದೆ. ಉಸಿರು ಕೊಡುವ ಪ್ರಥಮ ಚಿಕಿತ್ಸೆಯನ್ನು ಕಲಿಸಲು ಬಳಸುವ ಬೊಂಬೆಯ ಮುಖವಾಡವನ್ನೇ ಇದಕ್ಕೆ ಹಾಕಿದ್ದರು. ಮುಖದಲ್ಲಿ ಹೆಚ್ಚು ಭಾವವಿಲ್ಲ. ಸ್ವಲ್ಪ ನಗುತ್ತದೆ, ಕಣ್ಣು ಮಿಟುಕಿಸುತ್ತದೆ, ತಲೆ ತಿರುಗಿಸುತ್ತದೆ, ಕೈ ಎತ್ತುತ್ತದೆ. ಅಷ್ಟೇ. ಇದು ಅರೆಗೆಲಸವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ನೋಡಬೇಕಾದುದು ಕಡಿಮೆಯಾದರೆ ಮಗು ಹೆದರದೆ ನೋಡುತ್ತದೆ.

ಕ್ಯಾಸ್ಪರಿನ ಪಾದಕ್ಕೆ ಕಚಗುಳಿ ಇಟ್ಟರೆ ನಗುತ್ತದೆ. ಜೋರಾಗಿ ಹೊಡೆದರೆ ಮುಖ ಮುಚ್ಚಿಕೊಂಡು ನೋವಾಯಿತೆಂದು ಹೇಳುತ್ತದೆ. ನೂರು ಸಲ ಮಾಡಿದರೂ ನೂರು ಸಲವೂ ಅದೇ ರೀತಿ. ಅದಕ್ಕೆ ಬೇಸರವಿಲ್ಲ, ಸಿಟ್ಟಿಲ್ಲ. ಮುಟ್ಟುವುದಕ್ಕೂ ಹೊಡೆಯುವುದಕ್ಕೂ ಇರುವ ಭೇದವನ್ನು ಮಗು ತನ್ನ ಪುರಸೊತ್ತಿನಲ್ಲಿ ಕಲಿಯುತ್ತದೆ. ಒಬ್ಬರಾದ ಮೇಲೆ ಒಬ್ಬರು ಸರದಿ ಪ್ರಕಾರ ಆಡುವುದು, ಬೊಂಬೆ ಕೈ ಎತ್ತಿದಂತೆ ತಾನೂ ಎತ್ತುವುದು, ತಲೆ ಬಾಚುವುದು ಮುಂತಾದುವನ್ನು ಹೀಗೆಯೇ ಕಲಿಸುತ್ತಾರೆ. ಎಷ್ಟೋ ವೇಳೆ ಬೊಂಬೆಯನ್ನು ಆಡಿಸುವವರು ಪಕ್ಕದಲ್ಲಿ ಗುಂಡಿಗಳ ಪೆಟ್ಟಿಗೆ ಹಿಡಿದು ಕೂತಿರುವ ಶಿಕ್ಷಕರೇ. ನಮ್ಮ ಸೂತ್ರದ ಬೊಂಬೆಯ ಆಟ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಜಪಾನಿನ ಹಿದೆಕಿ ಕೋಜಿಮಾ ಎಂಬುವರು ಮಾಡಿದ 'ಕೀಪಾನ್' ಇನ್ನೂ ಸರಳ. 12 ಸೆಂಟಿಮೀಟರ್ ಎತ್ತರದ ಹಳದಿ ರಬ್ಬರಿನ ಉಂಡೆಗಳೆರಡು, ಎರಡು ಕಣ್ಣು, ಒಂದು ಮೂಗು. ಮಾತೇ ಇಲ್ಲ, ಕಡೆಗೆ ತಿರುಗಿ ನೋಡುತ್ತದೆ, ಕುಣಿಯುತ್ತದೆ. ಮೊದಮೊದಲು ದೂರ ಕೂತಿದ್ದ ಮಕ್ಕಳು ದಿನಗಳೆದಂತೆ ಹತ್ತಿರ ಬಂದರು. ಇಷ್ಟಾದರೆ ದೊಡ್ಡ ಮಾತಲ್ಲ. ಅದು ಕುಣಿದಾಗ ಮಗು ತಾಯಿಯ ಕಡೆಗೋ ಶಿಕ್ಷಕಿಯ ಕಡೆಗೋ ತಿರುಗಿ, 'ನೀನೂ ನೋಡಿದೆಯಾ?' ಎಂಬಂತೆ ಸಂತೋಷವನ್ನು ಹಂಚಿಕೊಂಡಿತು. ನಾನು ಓದಿದ್ದರಲ್ಲೆಲ್ಲ ಮುಖ್ಯವೆಂದು ಕಂಡದ್ದು ಇದು.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಇದನ್ನೇ ಎಣಿಸಿ ನೋಡಿ 2013ರಲ್ಲಿ ಪ್ರಕಟಿಸಿದರು. ಆಟಿಸಂ ಇರುವ 24 ಮಕ್ಕಳನ್ನು ಒಂದು ಸಲ ಯಂತ್ರದ ಪ್ರಾಣಿಯೊಡನೆ, ಒಂದು ಸಲ ಮನುಷ್ಯರೊಡನೆ, ಒಂದು ಸಲ ಪರದೆಯ ಮೇಲಿನ ಆಟದೊಡನೆ ಬಿಟ್ಟರು. ಮೂರು ಸಲವೂ ಪಕ್ಕದಲ್ಲಿ ಹಿರಿಯರೊಬ್ಬರು ಕೂತಿದ್ದರು. ಯಂತ್ರದ ಪ್ರಾಣಿ ಎದುರಿಗಿದ್ದಾಗ ಮಕ್ಕಳು ಆ ಹಿರಿಯರ ಸಂಗಡ ಹೆಚ್ಚು ಮಾತಾಡಿದರು. ಗಮನಿಸಿರಿ, ಹೆಚ್ಚು ಮಾತು ಬಂದದ್ದು ಪಕ್ಕದ ಮನುಷ್ಯರೊಡನೆ. ಅವರೆ ಬಳ್ಳಿಗೆ ಕೋಲು ನೆಡುತ್ತೇವೆ, ಬಳ್ಳಿ ಕೋಲನ್ನು ಹಿಡಿದು ಚಪ್ಪರಕ್ಕೆ ಹೋಗಲೆಂದು. ಪಕ್ಕದಲ್ಲಿ ಚಪ್ಪರವೇ ಇಲ್ಲದೆ ಕೋಲು ಒಂದನ್ನೇ ಕೊಂಡು ತಂದರೆ ಪ್ರಯೋಜನವೇನು?

ಪ್ರಯೋಗದ ಬೆಲೆ

ಹೊಸ ತಳಿ ಬಂದಾಗ ಪ್ರಾತ್ಯಕ್ಷಿಕೆ ತಾಕಿನ ಪಕ್ಕದಲ್ಲಿ ಹಳೆಯ ತಳಿಯ ತಾಕನ್ನೂ ಏಕೆ ಇಡುತ್ತೇವೆಂಬುದು ನಿಮಗೆ ಗೊತ್ತು. ಹೊಸತರಲ್ಲಿ ಬೆಳೆ ಬಂದಿತೆಂದರೆ ಸಾಲದು. ಅದೇ ಮಳೆಯಲ್ಲಿ ಹಳೆಯದರಲ್ಲಿ ಎಷ್ಟು ಬಂತು ಎಂದು ಕೇಳಬೇಕು. ಈ ಬೊಂಬೆಗಳ ವಿಷಯದಲ್ಲಿಯೂ ಅದೇ ಪ್ರಶ್ನೆ ಕೇಳಿರಿ.

2018ರಲ್ಲಿ ಯೇಲಿನವರೇ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ 6ರಿಂದ 12 ವರ್ಷದ 12 ಮಕ್ಕಳ ಮನೆಗೆ 'ಜಿಬೊ' ಎಂಬ ಯಂತ್ರವನ್ನು ಒಂದು ತಿಂಗಳು ಕೊಟ್ಟರು. ದಿನಕ್ಕೆ 30 ನಿಮಿಷ ಮಗು, ಮನೆಯ ಹಿರಿಯರು, ಯಂತ್ರ ಮೂವರೂ ಕೂಡಿ ಆಡಬೇಕು. ತಿಂಗಳಾದ ಮೇಲೆ ಯಂತ್ರವಿಲ್ಲದಾಗಲೂ ಮಕ್ಕಳು ಹಿರಿಯರ ಗಮನದೊಡನೆ ತಮ್ಮ ಗಮನ ಕೂಡಿಸುವುದು ಉತ್ತಮವಾಗಿತ್ತು. ಒಳ್ಳೆಯ ಸುದ್ದಿಯೇ. ಆದರೆ 12 ಮಕ್ಕಳು ಮಾತ್ರ, ಪಕ್ಕದಲ್ಲಿ ಹೋಲಿಕೆಯ ತಾಕಿಲ್ಲ. ದಿನಾ ಅರ್ಧ ಗಂಟೆ ಮನೆಯವರು ಜೊತೆಗೆ ಕೂತದ್ದರಿಂದಲೇ ಎಷ್ಟು ಫಲ ಬಂತೆಂದು ಬೇರ್ಪಡಿಸಿ ಹೇಳಲಾಗದು.

ಹೋಲಿಕೆ ಇಟ್ಟು ನೋಡಿದವರು ರುಮೇನಿಯಾ ದೇಶದವರು. ಅವರು ಬಳಸಿದ 'ನಾವೊ' ಎಂಬ ಯಂತ್ರ 58 ಸೆಂಟಿಮೀಟರ್ ಎತ್ತರದ್ದು, ಬೆಲೆ ಲಕ್ಷಗಳ ಲೆಕ್ಕದಲ್ಲಿ. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಂತ್ರದ ನೆರವಿನಿಂದ ಕಲಿತ ಮಕ್ಕಳೂ, ಬರೀ ಮನುಷ್ಯರಿಂದ ಕಲಿತ ಮಕ್ಕಳೂ ಹೆಚ್ಚುಕಡಿಮೆ ಸಮನಾಗಿ ಮುಂದುವರಿದಿದ್ದರು. ಯಂತ್ರವಿದ್ದಲ್ಲಿ ಮಕ್ಕಳಿಗೆ ಆಸಕ್ತಿ ಹೆಚ್ಚಿತ್ತು, ನಿಜ. ಒಳ್ಳೆಯ ಶಿಕ್ಷಕಿ ದೊರೆತರೆ ಯಂತ್ರವಿಲ್ಲದೆಯೂ ಮಗು ಅಷ್ಟೇ ಕಲಿಯುತ್ತದೆ ಎಂದು ನಾನು ಇದನ್ನು ಓದಿಕೊಂಡೆ.

ಇನ್ನೊಂದು ಮಾತು. ಜಿಬೊ ಮಾಡಿದ ಕಂಪನಿ ನಡೆಯಲಿಲ್ಲ. 2019ರಲ್ಲಿ, ತನ್ನನ್ನು ನಡೆಸುವ ದೂರದ ಕಂಪ್ಯೂಟರುಗಳನ್ನು ನಿಲ್ಲಿಸುತ್ತಾರೆಂದು ಆ ಬೊಂಬೆಯೇ ತನ್ನ ಮನೆಯವರಿಗೆ ಹೇಳಿ ವಿದಾಯ ಕೋರಿತು. ಸ್ಟ್ಯಾನ್‌ಫರ್ಡಿನವರು 71 ಮಕ್ಕಳೊಡನೆ ಪ್ರಯೋಗ ಮಾಡಿ, ಎದುರಿನವರ ಮುಖಭಾವವನ್ನು ತಿಳಿಸುವ ಗೂಗಲ್ ಕನ್ನಡಕದಿಂದ ಉಪಯೋಗವಿದೆಯೆಂದು 2019ರಲ್ಲಿ ತೋರಿಸಿದರು. 2023ರಲ್ಲಿ ಆ ಕನ್ನಡಕದ ಮಾರಾಟವೇ ನಿಂತಿತು. ಹಸು ಕೊಟ್ಟು ಕೊಂಡವರ ಗತಿಯೇನಾಗುತ್ತಿತ್ತೆಂದು ಯೋಚಿಸಿರಿ. ಬದಲಾವಣೆಯನ್ನೇ ಸಹಿಸದ ಮಗುವಿಗೆ ದಿನಾ ಕಂಡ ಗೆಳೆಯ ಒಂದು ಬೆಳಿಗ್ಗೆ ಮಾತು ನಿಲ್ಲಿಸಿದರೆ ಹೇಗೆ?

ನಮ್ಮ ಪಕ್ಕದ ಗೋವಾದಲ್ಲಿ ಮಾಡಿದ್ದು

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಂಟಿಕೊಂಡಿರುವ ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ಒಂದು ಪ್ರಯೋಗ ನಡೆದು 2016ರಲ್ಲಿ ಪ್ರಕಟವಾಯಿತು. ಇದರಲ್ಲಿ 2ರಿಂದ 9 ವರ್ಷದ 65 ಮಕ್ಕಳಿದ್ದರು. ಹೋಲಿಕೆಯ ತಾಕೂ ಇತ್ತು. ಕೆಲಸ ಮಾಡಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಯಂತ್ರವೆಂದರೆ ವಿಡಿಯೋ ಕ್ಯಾಮೆರಾ ಒಂದೇ.

ಕ್ರಮ ಹೀಗೆ: ತಾಯಿಯೋ ತಂದೆಯೋ ಮಗುವಿನೊಡನೆ ಆಡುವುದನ್ನು ಕೆಲವು ನಿಮಿಷ ಚಿತ್ರ ತೆಗೆಯುತ್ತಾರೆ. ಆಮೇಲೆ ಕಾರ್ಯಕರ್ತರೂ ತಾಯಿಯೂ ಒಟ್ಟಿಗೆ ಕೂತು ಅದನ್ನು ನೋಡುತ್ತಾರೆ. ಆಡುವಾಗ ಕಾಣದ್ದು ನೋಡುವಾಗ ಕಾಣುತ್ತದೆ. ಮಗು ಒಂದು ಕ್ಷಣ ತಾಯಿಯ ಕೈಯನ್ನು ನೋಡಿತ್ತು. ತಾಯಿ ಆಗ 'ಇದೇನು, ಇದ್ಯಾವ ಬಣ್ಣ, ಹೇಳು ಹೇಳು' ಎಂದು ಕೇಳುತ್ತಿದ್ದುದರಿಂದ ಆ ಕ್ಷಣ ತಪ್ಪಿಹೋಯಿತು. ಮುಂದಿನ ಸಲ ತಾಯಿ ಸುಮ್ಮನಿದ್ದು ಕಾಯುತ್ತಾಳೆ. ಮಗು ಯಾವುದನ್ನು ನೋಡುತ್ತಿದೆಯೋ ಅದರ ಹೆಸರನ್ನಷ್ಟೇ ಹೇಳುತ್ತಾಳೆ. ಇಂತಹ 12 ಭೇಟಿಗಳು, ನಡುವೆ ಮನೆಯಲ್ಲಿ ದಿನಾ ಅಭ್ಯಾಸ. ಎಲ್ಲ ಅಳತೆಯಲ್ಲಿಯೂ ಏರಿಕೆ ಕಾಣಲಿಲ್ಲ. ಆದರೆ ಮಗುವಿಗೆ ಹೊಂದಿಕೊಂಡು ತಂದೆತಾಯಿಗಳು ಉತ್ತರಿಸುವುದು ಹೆಚ್ಚಾಯಿತು, ಮಗು ತಾನೇ ಮುಂದಾಗಿ ಸಂಪರ್ಕಕ್ಕೆ ಬರುವುದೂ ಹೆಚ್ಚಾಯಿತು.

ಬೊಂಬೆಯ ಗುಣವನ್ನು ಇಲ್ಲಿ ತಾಯಿಯೇ ತಂದುಕೊಂಡಳೆಂದು ಹೇಳಬಹುದು: ನಿಧಾನ, ಸರಳತೆ, ಒಂದೇ ರೀತಿ, ಸಿಟ್ಟಿಲ್ಲದಿರುವುದು. ಹುಣಿಸೆ ಬೀಜದ ಸಾಲನ್ನು ಕೆಡಿಸಬೇಡಿರಿ. ಪಕ್ಕದಲ್ಲಿ ಕೂತು ನೀವೂ ಒಂದು ಬೀಜವಿಡಿರಿ, ಕಾಯಿರಿ. 'ನನ್ನ ಕಣ್ಣು ನೋಡು' ಎಂದು ಗದ್ದ ಹಿಡಿದು ಎತ್ತಬೇಡಿರಿ. ಬಲವಂತದ ನೋಟ ತಮಗೆ ಎಷ್ಟು ಹಿಂಸೆಯಾಗುತ್ತಿತ್ತೆಂದು ಆಟಿಸಂ ಇದ್ದು ಬೆಳೆದು ದೊಡ್ಡವರಾದವರೇ ಬರೆದಿದ್ದಾರೆ.

ಮೊಬೈಲಿನ ವಿಷಯ

ಮಗುವನ್ನು ಸುಮ್ಮನಿರಿಸಲು ಮೊಬೈಲು ಕೈಗೆ ಕೊಟ್ಟು ಗದ್ದೆಗೆ ಹೋಗುವುದು ಚಿಕಿತ್ಸೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ, ಯಾವ ಮಗುವಿಗೇ ಆಗಲಿ ಮೊದಲ ವರ್ಷ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಆದರೆ ಮಾತು ಬಾರದ ಮಗುವಿಗೆ ಅದೇ ಮೊಬೈಲು ನಾಲಿಗೆಯೂ ಆಗಬಲ್ಲುದು. ಮುಂಬಯಿಯ ಐ.ಐ.ಟಿ.ಯವರು 'ಜೆಲ್ಲೊ' ಎಂಬ ಆಪ್ ಮಾಡಿದ್ದಾರೆ, ಹಣ ಕೊಡಬೇಕಾಗಿಲ್ಲ. ಚಿತ್ರ ಮುಟ್ಟಿದರೆ ಮೊಬೈಲು ಆ ಮಾತನ್ನು ಹೇಳುತ್ತದೆ. ಹೀಗೆ ಮಾಡಿದರೆ ಮಗು ಬಾಯಿಮಾತನ್ನು ಕಲಿಯುವುದೇ ಇಲ್ಲವೆಂಬ ಭಯ ಬೇಡ, ಅದಕ್ಕೆ ಆಧಾರ ದೊರೆತಿಲ್ಲ. ಮೊಬೈಲು ಇಲ್ಲದಿದ್ದರೆ ರಟ್ಟಿನ ಮೇಲೆ ನೀರು, ಮುದ್ದೆ, ಕಕ್ಕಸು, 'ಸಾಕು' ಇವುಗಳ ಚಿತ್ರ ಬರೆದು ಗೋಡೆಗೆ ಹಾಕಿರಿ. 'ಸಾಕು' ಎಂದು ತಿಳಿಸಲು ಬಂದರೆ ಎಷ್ಟೋ ಅಳು ನಿಲ್ಲುತ್ತದೆ.

ಎಲ್ಲಿಗೆ ಹೋಗಬೇಕು?

ವರ್ಷ ತುಂಬಿದ ಮಗು ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರದಿದ್ದರೆ, ಬಂದ ಮಾತು ಹೋದರೆ, ದೊಡ್ಡವನಾದ ಮೇಲೆ ಸರಿಹೋಗುತ್ತಾನೆಂದು ಕಾಯಬೇಡಿರಿ. ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಡದೆ ತೋರಿಸಿರಿ. ಅವರು ಜಿಲ್ಲಾ ಆಸ್ಪತ್ರೆಯ ಡಿ.ಇ.ಐ.ಸಿ. ಕೇಂದ್ರಕ್ಕೆ ಬರೆದುಕೊಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂತಹ ಮಕ್ಕಳನ್ನು ನೋಡುತ್ತಾರೆ. 2016ರ ಕಾಯಿದೆಯಲ್ಲಿ ಆಟಿಸಂ ಸೇರಿರುವುದರಿಂದ ಗುರುತಿನ ಚೀಟಿ ಮಾಡಿಸಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ತುಂಬಿಕೊಡುತ್ತಾರೆ.

ಆ ರೈತರಿಗೆ ಇಷ್ಟನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದಿನಾ ಅರ್ಧ ಗಂಟೆ ನಾನೇ ಕೂರಬೇಕು ಅನ್ನಿ" ಎಂದರು. ನಾಟಿಯ ಕಾಲದಲ್ಲಿ ಅರ್ಧ ಗಂಟೆ ಸುಲಭವಲ್ಲ, ಅದು ನನಗೂ ಗೊತ್ತು. ಹಾಲು ಕರೆದ ಮೇಲೆ, ಡೈರಿಗೆ ಹೋಗುವ ಮೊದಲು ಕೂರುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ಹಸುಗಳು ಕೊಟ್ಟಿಗೆಯಲ್ಲಿಯೇ ಇವೆ. ಬರುವ ವಾರ ಅವರೊಡನೆ ಜಿಲ್ಲಾ ಆಸ್ಪತ್ರೆಗೆ ನಾನೂ ಹೋಗುತ್ತಿದ್ದೇನೆ. ಜೊತೆಗೆ ಬರುವವರಿದ್ದರೆ ತಿಳಿಸಿರಿ, ಒಟ್ಟಿಗೆ ಹೋಗೋಣ.