ಪೆಡಲ್ ಕೊಳ್ಳುವ ಮುಂಚೆ: ಸೀಲ್ಡೋ, ಬಿಡಿ ಬಾಲ್ಸೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಶೈಕ್ಷಣಿಕ ಜಿಲ್ಲೆ ಮಧುಗಿರಿಯದು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಹಂಚಲು ಶುರುಮಾಡಿದ ಮೇಲೆ ಇಲ್ಲಿನ ಹಳ್ಳಿ ದಾರಿಗಳಲ್ಲೂ ಅವು ಓಡಾಡಿದವು. ಮಕ್ಕಳ ತುಳಿತಕ್ಕೆ ಬೇಗ ಸುಸ್ತಾಗುವುದು ಪೆಡಲ್.

1. ರಿಪೇರಿ ಮಾಡುವವರು ಯಾರು ಅಂತ ಮೊದಲು ನೋಡಿ. ಬಿಡಿ ಬಾಲ್ಸಿನ ಪೆಡಲನ್ನು ಊರಿನ ಸೈಕಲ್ ಶಾಪಿನವರೇ ಬಿಚ್ಚಿ, ತೊಳೆದು, ಬಾಲ್ಸ್ ಬದಲಿಸಿ, ಗ್ರೀಸ್ ತುಂಬಿ ಕೊಡುತ್ತಾರೆ. ಸೀಲ್ಡ್ ಬೇರಿಂಗ್ ಸವೆದರೆ ಅದೇ ನಂಬರಿನ ಇನ್ನೊಂದನ್ನು ಹುಡುಕಬೇಕು. ಸೀಲಿಂಗ್ ಫ್ಯಾನಿನ 6202 ಸುಲಭವಾಗಿ ಸಿಗುತ್ತದೆ, ಆದರೆ ಅದರ ಹೊರವ್ಯಾಸ 35 ಮಿ.ಮೀ.; ಪೆಡಲಿಗೆ ಬೇಕಾದದ್ದು ಬಹಳ ಪುಟ್ಟದು. ಸ್ಕೂಲ್ ಸೈಕಲ್ಲಿಗಾದರೆ ನನ್ನ ಓಟು ಬಿಡಿ ಬಾಲ್ಸಿಗೇ.

2. ಪಾವಗಡದ ಲೆಕ್ಕ ಬೇರೆ. ತಿರುಮಣಿಯ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಫಲಕಗಳನ್ನೇ ಬಿಡದ ಧೂಳು ಪೆಡಲನ್ನು ಬಿಟ್ಟೀತೇ? ಗ್ರೀಸಿನಲ್ಲಿ ಕಲೆತ ಮಣ್ಣು, ಬಾಲ್ಸ್ ಉರುಳುವ ಕೋನನ್ನು ಅರೆದುಬಿಡುತ್ತದೆ. ದಿನವೂ ದೂರ ತುಳಿಯುವವರು ಇಲ್ಲಿ ಸೀಲ್ಡ್ ಹಾಕಿಸಿ. ಬೇರಿಂಗಿನ ರಬ್ಬರ್ ಅಂಚಿನ ಮೇಲಿರುವ ನಂಬರ್ ಬರೆದಿಟ್ಟುಕೊಳ್ಳಿ.

3. ಸೀಲ್ ಇದ್ದ ಮಾತ್ರಕ್ಕೆ ನೀರು ನುಗ್ಗುವುದಿಲ್ಲ ಅಂತಲ್ಲ. ಕೊರಟಗೆರೆ ಕಡೆ ಜಯಮಂಗಲಿ ಹರಿಯುವಾಗ ನೀರಲ್ಲಿ ಸೈಕಲ್ ಇಳಿಸಿದರೆ ಆಮೇಲೆ ಒರೆಸಿ ಒಣಗಿಸಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರನ್ನಂತೂ ಪೆಡಲಿನ ಬುಡಕ್ಕೆ ಹಿಡಿಯಲೇಬೇಡಿ.

4. ಡಬ್ಬಿಯ ಮೇಲಿನ ‘ಸೀಲ್ಡ್’ ನಂಬಬೇಡಿ. ಬಿಡಿ ಬಾಲ್ಸಿನ ಮೇಲೊಂದು ರಬ್ಬರ್ ರಿಂಗ್ ಕೂರಿಸಿ ಅದಕ್ಕೂ ಅದೇ ಹೆಸರಿಡುತ್ತಾರೆ. ಕೆಲವು ಅಗ್ಗದ ಪ್ಲಾಸ್ಟಿಕ್ ಪೆಡಲುಗಳಲ್ಲಿ ಬಾಲ್ಸೇ ಇರುವುದಿಲ್ಲ! ಆಕ್ಸಲ್ ಹಿಡಿದು ಬೆರಳಲ್ಲಿ ತಿರುಗಿಸಿ. ಕರಕರ ಅಂದರೆ, ಅಲುಗಾಡಿದರೆ ವಾಪಸ್ ಕೊಡಿ. ಭರ್ರನೆ ತಿರುಗಿತೆಂದು ಮರುಳಾಗಬೇಡಿ, ಗ್ರೀಸ್ ಇಲ್ಲದ್ದೂ ಭರ್ರನೆ ತಿರುಗುತ್ತದೆ. ಹೊಸ ಸೀಲ್ ತುಸು ಬಿಗಿಯಾಗಿಯೇ ಇರುತ್ತದೆ.

5. ಬಾಲ್ಸ್ ಹಾಕಿಸಿದರೆ ಎಲ್ಲವೂ ಹೊಸದಿರಲಿ. ಸವೆದವುಗಳ ನಡುವೆ ಒಂದೆರಡು ಹೊಸವು ಸೇರಿದರೆ ಭಾರವೆಲ್ಲ ಅವುಗಳ ಮೇಲೇ. ಕೋನ್ ಹದವಾಗಿ ಬಿಗಿಯಬೇಕು: ಪೆಡಲ್ ಲೊಡಲೊಡ ಅನ್ನಬಾರದು, ಹಿಡಿದುಕೊಳ್ಳಲೂ ಬಾರದು. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ತಿರುಗಿಸಿ ನೋಡಿ, ಆಗಲೇ ಹದ ತಪ್ಪುವುದು.

6. ಬೇರಿಂಗ್ ಯಾವುದಾದರೂ ಸರಿ, ಎಡ ಪೆಡಲಿನದು ಉಲ್ಟಾ ಥ್ರೆಡ್. ಬಲಗಡೆಯದರಂತೆ ತಿರುಗಿಸಿ ಬಿಗಿಯಹೋದರೆ ಕ್ರ್ಯಾಂಕಿನ ಥ್ರೆಡ್ ಕಿತ್ತುಹೋಗಿ, ಪೆಡಲಿನ ಜತೆ ಕ್ರ್ಯಾಂಕಿಗೂ ದುಡ್ಡು ತೆರಬೇಕಾಗುತ್ತದೆ.