ಕಲಾವ್ರಿತಾ: ಗ್ರೀಸಿನ ಒಂದು ಬೆಟ್ಟದೂರು

ಯೂರೋಪ್ ಖಂಡದ ದಕ್ಷಿಣದಲ್ಲಿ ಗ್ರೀಸ್ ದೇಶವಿರುವುದು. ಆ ದೇಶದ ದಕ್ಷಿಣ ಭಾಗಕ್ಕೆ ಪೆಲೊಪೊನೀಸ್ ಎಂದು ಹೆಸರು. ಭೂಪಟದಲ್ಲಿ ಅದು ಕಡಲಿಗೆ ಬೆರಳು ಚಾಚಿದ ಅಂಗೈಯಂತೆ ಕಾಣುವುದು. ಅದರ ಉತ್ತರ ಭಾಗದಲ್ಲಿ, ಖೆಲ್ಮೋಸ್ ಪರ್ವತದ ತಪ್ಪಲಿನಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೨,೫೦೦ ಅಡಿ ಎತ್ತರದಲ್ಲಿ ಕಲಾವ್ರಿತಾ ಎಂಬ ಚಿಕ್ಕ ಪಟ್ಟಣವುಂಟು. ‘ಒಳ್ಳೆಯ ಒರತೆಗಳು’ ಎಂಬುದೇ ಆ ಹೆಸರಿನ ಅರ್ಥವೆನ್ನುವರು. ಖೆಲ್ಮೋಸಿನ ಶಿಖರವು ೭,೭೦೦ ಅಡಿಗೂ ಮಿಗಿಲಾದುದು. ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುವುದು. ಗ್ರೀಕ್ ಪುರಾಣದ ದೇವತೆಗಳು ಯಾವುದರ ಮೇಲೆ ಆಣೆ ಇಡುತ್ತಿದ್ದರೋ ಆ ಸ್ಟಿಕ್ಸ್ ನದಿಯ ನೀರು ಈ ಪರ್ವತದ ಬಂಡೆಯಿಂದಲೇ ಧುಮುಕುವುದೆಂದು ಪ್ರಾಚೀನರು ನಂಬಿದ್ದರು.

ಕಡಲ ತೀರದ ದಿಯಾಕೊಫ್ಟೊ ಎಂಬ ಊರಿನಿಂದ ಇಲ್ಲಿಗೆ ಸುಮಾರು ೧೪ ಮೈಲಿ ಉದ್ದದ ರೈಲುದಾರಿಯುಂಟು. ವೂರೈಕೋಸ್ ಹೊಳೆಯು ಕೊರೆದ ಇಕ್ಕಟ್ಟಾದ ಕಮರಿಯಲ್ಲಿ ಹಾಯುವ ಈ ದಾರಿಯು ೧೮೯೬ರಲ್ಲಿ ತೆರೆಯಲ್ಪಟ್ಟಿತು. ಹಳಿಗಳ ನಡುವಣ ಅಂತರವು ಎರಡೂವರೆ ಅಡಿಗಿಂತಲೂ ತುಸು ಕಡಿಮೆ. ಏರು ಕಡಿದಾದಲ್ಲಿ, ನಮ್ಮ ನೀಲಗಿರಿಯ ರೈಲಿನಲ್ಲಿರುವಂತೆಯೇ, ಬಂಡಿಯ ಹಲ್ಲುಗಾಲಿಯು ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿ ಮೇಲೇರುವುದು. ದಾರಿಯ ಸಮೀಪದಲ್ಲಿ ದೊಡ್ಡ ಬಂಡೆಯ ಗವಿಗೆ ಆತುಕೊಂಡಿರುವ ಮೆಗಾ ಸ್ಪೀಲಿಯೋ ಎಂಬ ಸನ್ಯಾಸಿಗಳ ಮಠವಿದೆ. ಇಲ್ಲಿಯ ಬೆಟ್ಟಗಳಲ್ಲಿ ಸುಣ್ಣಕಲ್ಲು ಹೆಚ್ಚು. ಮಳೆನೀರು ಅದನ್ನು ಮೆಲ್ಲಮೆಲ್ಲನೆ ಕರಗಿಸುವುದರಿಂದ ಗವಿಗಳು ಉಂಟಾಗುವುವು. ಕಸ್ತ್ರಿಯಾ ಎಂಬ ಹಳ್ಳಿಯ ಬಳಿಯಿರುವ ಗವಿಯಲ್ಲಿ ಒಂದರ ಮೇಲೊಂದರಂತೆ ೧೩ ಕೊಳಗಳಿವೆ.

ಪಟ್ಟಣದ ಬಳಿಯಲ್ಲಿರುವ ಆಯಿಯಾ ಲಾವ್ರಾ ಮಠದಲ್ಲಿ ೧೮೨೧ರಲ್ಲಿ ಬಿಷಪ್ ಗೆರ್ಮಾನೋಸರು ತುರ್ಕರ ಆಳ್ವಿಕೆಗೆ ವಿರುದ್ಧವಾಗಿ ಸ್ವಾತಂತ್ರ್ಯದ ಧ್ವಜವನ್ನು ಎತ್ತಿದರೆಂದು ಗ್ರೀಕರ ಐತಿಹ್ಯವಿದೆ. ಚರಿತ್ರಕಾರರಲ್ಲಿ ಅನೇಕರು ಇದನ್ನು ಒಪ್ಪರು. ಆದರೂ ಗ್ರೀಕರ ಮನಸ್ಸಿನಲ್ಲಿ ಈ ಊರಿಗೆ ಇದರಿಂದ ವಿಶೇಷ ಗೌರವವುಂಟು. ಆದರೆ ಇಂದು ಕಲಾವ್ರಿತದ ಹೆಸರು ಲೋಕಕ್ಕೆ ತಿಳಿದಿರುವುದು ಮತ್ತೊಂದು ಕಾರಣದಿಂದ.

ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಲ್ಲಿ, ಗ್ರೀಸ್ ದೇಶವು ಜರ್ಮನರ ಮತ್ತು ಅವರ ಮಿತ್ರರ ವಶವಾಯಿತು. ಬೆಟ್ಟಗಳಲ್ಲಿದ್ದು ಹೋರಾಡುತ್ತಿದ್ದ ಗ್ರೀಕ್ ದಳದವರು ೧೯೪೩ರ ಅಕ್ಟೋಬರಿನಲ್ಲಿ ಸುಮಾರು ೮೦ ಜರ್ಮನ್ ಸೈನಿಕರನ್ನು ಸೆರೆಹಿಡಿದರು. ಬಳಿಕ ಅವರಲ್ಲಿ ಬಹುಮಂದಿಯನ್ನು ಕೊಂದರು. ಜರ್ಮನ್ ಸೈನ್ಯವು ಇದರ ಸೇಡನ್ನು ನಿರಾಯುಧರಾದ ಊರಿನವರ ಮೇಲೆ ತೀರಿಸಿಕೊಂಡಿತು. ಆ ವರ್ಷದ ಡಿಸೆಂಬರ್ ೧೩ರಂದು ಊರಿನವರೆಲ್ಲರನ್ನೂ ಪ್ರಾಥಮಿಕ ಶಾಲೆಯಲ್ಲಿ ಕೂಡಿಸಿದರು. ಹೆಂಗಸರನ್ನೂ ಮಕ್ಕಳನ್ನೂ ಅಲ್ಲಿಯೇ ಕೂಡಿಹಾಕಿ, ಗಂಡಸರನ್ನೂ ಹದಿಹರೆಯದ ಹುಡುಗರನ್ನೂ ಕಾಪಿ ಎಂಬ ಗುಡ್ಡಕ್ಕೆ ನಡೆಯಿಸಿದರು. ಅಲ್ಲಿ ಐನೂರರಷ್ಟು ಜನರು ಗುಂಡಿಗೆ ಬಲಿಯಾದರು. ಶವಗಳ ನಡುವೆ ಬಿದ್ದು ಬದುಕಿದವರು ೧೩ ಮಂದಿ ಮಾತ್ರ. ಊರಿಗೆ ಬೆಂಕಿಯಿಟ್ಟರು; ಶಾಲೆಗೂ ಬೆಂಕಿ ಹತ್ತಿತು.

ಉರಿಯುವ ಶಾಲೆಯಿಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಾಗಿಲು ಕಿಟಕಿಗಳ ಮೂಲಕ ಹೊರಬಿದ್ದರು. ತಮ್ಮವರನ್ನು ಹುಡುಕುತ್ತ ಅವರು ಆ ಗುಡ್ಡವನ್ನು ಏರಿದರು. ಅಲ್ಲಿ ಕಂಡುದನ್ನು ವರ್ಣಿಸುವ ಅಗತ್ಯವಿಲ್ಲ. ಶವಗಳನ್ನು ಹೊದಿಕೆಗಳಲ್ಲಿ ಎಳೆದು ತಂದು, ಚಳಿಯಿಂದ ಹೆಪ್ಪುಗಟ್ಟಿದ ನೆಲವನ್ನು ಬರಿಗೈಗಳಿಂದಲೇ ಕೆದಕಿ, ತಮ್ಮ ಗಂಡಂದಿರನ್ನೂ ಮಕ್ಕಳನ್ನೂ ತಾವೇ ಹೂಳಿದರು. ಇರಲು ಮನೆಯಿರಲಿಲ್ಲ, ಉಣ್ಣಲು ಧಾನ್ಯವಿರಲಿಲ್ಲ, ಎದುರಿಗೆ ಚಳಿಗಾಲವಿತ್ತು. ಆದರೂ ಉಳಿದ ಮಕ್ಕಳನ್ನು ಸಾಕಿ, ಊರು ಮತ್ತೆ ಊರಾಗುವಂತೆ ಮಾಡಿದವರು ಈ ವಿಧವೆಯರೇ.

ಯುದ್ಧಾನಂತರ, ೧೯೫೦ರ ದಶಕದಲ್ಲಿ, ಎರೆಂಗಾರ್ಡ್ ಶ್ರಾಮ್ ಎಂಬ ಜರ್ಮನ್ ಮಹಿಳೆಯು ಇವರನ್ನು ಹುಡುಕಿಕೊಂಡು ಬಂದರು. ಕಲಾವ್ರಿತದ ತಂದೆಯಿಲ್ಲದ ಕೆಲವು ತರುಣರು ಜರ್ಮನಿಯಲ್ಲಿ ಕಸಬು ಕಲಿಯುವಂತೆ ಏರ್ಪಾಡು ಮಾಡಿದರು. ಈಕೆಯ ಅಕ್ಕ ಎಲಿಜಬೆತ್ ಫಾನ್ ಟಾಡೆನ್ ಅವರು ೧೯೨೭ರಲ್ಲಿ ಹೈಡೆಲ್‌ಬರ್ಗಿನ ಬಳಿ ಕ್ರೈಸ್ತ ಬಾಲಿಕಾ ಪಾಠಶಾಲೆಯೊಂದನ್ನು ಸ್ಥಾಪಿಸಿದವರು. ಹಿಟ್ಲರನ ಸರಕಾರವನ್ನು ವಿರೋಧಿಸಿದುದಕ್ಕಾಗಿ ೧೯೪೪ರಲ್ಲಿ ಮರಣದಂಡನೆಗೆ ಗುರಿಯಾದವರು. ಕೊಂದವರ ದೇಶದಿಂದಲೇ ಬಂದ ಈ ಕೈಗೆ ತನ್ನ ಮಗನನ್ನು ಒಪ್ಪಿಸಿ ಕಳುಹಿಸುವುದು ಆ ತಾಯಂದಿರಿಗೆ ಎಷ್ಟು ಕಠಿನವಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ೨೦೦೦ನೆಯ ಇಸವಿಯಲ್ಲಿ ಜರ್ಮನಿಯ ಅಧ್ಯಕ್ಷರಾಗಿದ್ದ ಯೊಹಾನೆಸ್ ರೌ ಅವರು ಇಲ್ಲಿಗೆ ಬಂದು ತಮ್ಮ ದುಃಖವನ್ನೂ ನಾಚಿಕೆಯನ್ನೂ ಹೇಳಿಕೊಂಡರು.

ಆ ಶಾಲೆಯ ಕಟ್ಟಡವು ೨೦೦೫ರಿಂದ ವಸ್ತುಸಂಗ್ರಹಾಲಯವಾಗಿರುವುದು. ಮಡಿದವರ ಭಾವಚಿತ್ರಗಳನ್ನು ಅಲ್ಲಿ ಇಟ್ಟಿರುವರು. ಊರಿನ ದೇವಾಲಯದ ಒಂದು ಗಡಿಯಾರವು ಇಂದಿಗೂ ೨ ಗಂಟೆ ೩೪ ನಿಮಿಷದಲ್ಲಿಯೇ ನಿಂತಿದೆ. ಅದು ಗುಂಡು ಹಾರಿಸಿದ ಹೊತ್ತು. ಮತ್ತೊಂದು ಗಡಿಯಾರವು ನಡೆಯುತ್ತಿದೆ.

ಈ ಪಾಠದಿಂದ ನಾವು ತಿಳಿಯತಕ್ಕುದೇನು? ಯುದ್ಧದ ಚರಿತ್ರೆಯಲ್ಲಿ ಸೇನಾಪತಿಗಳ ಹೆಸರುಗಳನ್ನು ಬಾಯಿಪಾಠ ಮಾಡುವೆವು. ಯುದ್ಧವು ಮುಗಿದ ಮರುದಿನ ಒಲೆ ಹೊತ್ತಿಸಿದವರ ಹೆಸರುಗಳು ಪುಸ್ತಕಗಳಲ್ಲಿ ದೊರೆಯುವುದು ಅಪರೂಪ. ಕಲಾವ್ರಿತದ ತಾಯಂದಿರು ಮಡಿದವರನ್ನು ಮರೆಯಲಿಲ್ಲ. ಬದುಕಿದವರ ಕೆಲಸವನ್ನು ನಿಲ್ಲಿಸಲೂ ಇಲ್ಲ. ಮಕ್ಕಳಿಗೆ ಭೂಪಟವನ್ನು ತೋರಿಸುವಾಗ ಈ ಚಿಕ್ಕ ಊರನ್ನೂ ಬೆರಳಿಟ್ಟು ತೋರಿಸುವುದು ಒಳ್ಳೆಯದು.